ರೈಫಲ್ಲಿನ ಗುರು-ಲಘು ನಿರ್ಣಯ

ಬಂದೂಕಿನ ಭಾರದ ಬಗ್ಗೆ ಈವರೆಗೆ ಬರೆದವರೆಲ್ಲ ಅದನ್ನು ಹಾರಿಸಿದವರು. ಈ ಶಾಸ್ತ್ರಕ್ಕೆ ಅಂಟಿದ ಮೊದಲ ದೋಷವೇ ಅದು. ಧಾರವಾಡ ಜಿಲ್ಲೆಯಲ್ಲಿ ಲೈಸೆನ್ಸಿನ ರೈಫಲ್ಲು ಹಾರಿಸುವ ವಸ್ತುವಲ್ಲ. ಅದು ಇಡುವ, ತೆಗೆಯುವ, ಒರೆಸುವ, ಪೂಜಿಸುವ ಮತ್ತು ಕಾಲಕಾಲಕ್ಕೆ ಪೊಲೀಸ್ ಠಾಣೆಗೆ ಹೊತ್ತೊಯ್ಯುವ ವಸ್ತು. ಆದ್ದರಿಂದ ಭಾರದ ರೈಫಲ್ಲು ಕೊಟ್ಟು ಹಗುರದ್ದು ತೆಗೆದುಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಹಾರಿಸುವವರ ಭುಜದಿಂದ ಇಳಿಸಿ ಹೊರುವವರ ಭುಜಕ್ಕೆ ಏರಿಸಿದ ಮೊದಲ ಗ್ರಂಥ ಇದು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ವಿನಯವನ್ನು ಪೀಠಿಕೆಯಲ್ಲಿ ತೋರಿಸುವುದು ಪದ್ಧತಿ. ಈ ಗ್ರಂಥಕ್ಕೆ ಪೀಠಿಕೆಯಿಲ್ಲ.

ಪ್ರಶ್ನೆ ಎತ್ತಿದವರು ನಮ್ಮ ಓಣಿಯ ಗೌಡ್ರ ಕಾಕಾ. ಹೊಲ ಕಲಘಟಗಿ ಕಡೆ, ಮನೆ ಧಾರವಾಡದಲ್ಲಿ, ಮನೆಯೊಳಗಿನ ತಿಜೋರಿಯಲ್ಲಿ ಅವರಪ್ಪನ ಕಾಲದ ರೈಫಲ್ಲು. ಒಂದು ಸಂಜೆ ಕಟ್ಟೆಯ ಮೇಲೆ ಕೂತು, "ತಮ್ಮಾ, ಅದನ್ನ ಕೊಟ್ಟು ಹಗರಂದೊಂದು ತಗೋಬೇಕಂತ ಮಾಡೇನಿ. ಹೆಂಗಂತಿ?" ಎಂದರು. ಬೇರೆ ಊರಿನವರಾಗಿದ್ದರೆ ಹೂಂ ಎನ್ನುತ್ತಿದ್ದರು, ಇಲ್ಲವೇ ಉಹೂಂ ಎನ್ನುತ್ತಿದ್ದರು. ನಾನು ಧಾರವಾಡದವನು. ಪ್ರಬಂಧ ಬರೆಯಲು ಕೂತೆ.

ಮೀಮಾಂಸಕರ ಪ್ರಕಾರ ಒಂದು ಅಧಿಕರಣಕ್ಕೆ ಐದು ಅಂಗ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಕಾಕಾರ ರೈಫಲ್ಲಿನ ಮ್ಯಾಗಜೀನಿಗೂ ಐದೇ ಗುಂಡು. ಇದು ಕಾಕತಾಳೀಯವಲ್ಲ ಎಂದು ಸಾಧಿಸಲು ಪ್ರತ್ಯೇಕ ಸಂಪುಟವೇ ಬೇಕಾದೀತು, ಸದ್ಯಕ್ಕೆ ಬಿಡೋಣ.

ವಿಷಯಕ್ಕೆ ಬರುತ್ತೇನೆ. ಕಾಕಾರದು ಇಷಾಪುರದ ಕಾರ್ಖಾನೆಯ ತ್ರೀ ಫಿಫ್ಟೀನ್. ಪೊಲೀಸರ ಹೆಗಲಲ್ಲಿ ನಾವೆಲ್ಲ ನೋಡಿದ ತ್ರೀ ನಾಟ್ ತ್ರೀಯ ಒಡಹುಟ್ಟು. ಬೋಲ್ಟು ಅದೇ ಕುಲದ್ದು, ಗುಂಡು ಮಾತ್ರ ಬೇರೆ. ಸೈನ್ಯದ ಗುಂಡು ಪ್ರಜೆಗಳ ಬಂದೂಕಿಗೆ ಹೊಂದಬಾರದು ಎಂದು ಬ್ರಿಟಿಷರಿಗೆ ಹೆದರಿಕೆಯಿತ್ತು. ಹಾಗಾಗಿ ತ್ರೀ ನಾಟ್ ತ್ರೀ ಸರಕಾರಕ್ಕೆ, ತ್ರೀ ಫಿಫ್ಟೀನ್ ಸಾಹುಕಾರರಿಗೆ ಎಂದು ಹಂಚಿಕೆಯಾಯಿತು. ಬ್ರಿಟಿಷರು ಹೋದರು, ಹಂಚಿಕೆ ಉಳಿಯಿತು. ತೂಕ ಮೂರೂವರೆ ಕಿಲೋ ಆಸುಪಾಸು. ಕಾಕಾರ ಕಣ್ಣು ಬಿದ್ದಿರುವ ಹಗುರದ್ದು ಪಾಯಿಂಟ್ ಟೂ ಟೂ. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರೆಲ್ಲ ಹೊಟ್ಟೆಯ ಮೇಲೆ ಮಲಗಿ ಇಪ್ಪತ್ತೈದು ಗಜದ ಗುರಿಗೆ ಹೊಡೆದದ್ದು ಇಂಥದರಿಂದಲೇ. ಅದು ಎರಡೂಮುಕ್ಕಾಲು ಕಿಲೋ ಆಸುಪಾಸು. ಅಂದರೆ ವಿವಾದ ಇರುವುದು ಮುಕ್ಕಾಲು ಕಿಲೋದ ಬಗ್ಗೆ. ನಮ್ಮ ಊರಲ್ಲಿ ಇಷ್ಟು ತೂಕವನ್ನು ಪೇಢೆಯ ಪೆಟ್ಟಿಗೆಯಲ್ಲಿ ಹೇಳುವುದು ಲೇಖಕರ ವಾಡಿಕೆ. ಇದು ಪಾಂಡಿತ್ಯದ ಗ್ರಂಥವಾದ್ದರಿಂದ ಪೇಢೆಗೆ ಇಲ್ಲಿ ಪ್ರವೇಶವಿಲ್ಲ.

ಈಗ ಪೂರ್ವಪಕ್ಷ. ಕಾಲ ಮುಂದೆ ಹೋದಂತೆ ಎಲ್ಲವೂ ಹಗುರಾಗುತ್ತದೆ: ರೇಡಿಯೋ ಹಗುರಾಯಿತು, ಫೋನು ಹಗುರಾಯಿತು, ಪಠ್ಯಪುಸ್ತಕವಂತೂ ಒಳಗಿನಿಂದಲೇ ಹಗುರಾಯಿತು, ಹಾಗಿರುವಾಗ ರೈಫಲ್ಲು ಮಾತ್ರ ಯಾಕೆ ಭಾರ ಇರಬೇಕು? ಇದು ಕಾಕಾರ ಮಗನ ವಾದ. ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಕೇಳಲು ಚೆನ್ನಾಗಿದೆ, ಆದರೆ ಪ್ರಮಾಣದ ಮುಂದೆ ನಿಲ್ಲುವುದಿಲ್ಲ. 1907ರಲ್ಲಿ ಬಂದ ತ್ರೀ ನಾಟ್ ತ್ರೀ ಮಾದರಿ ಹತ್ತಿರ ಹತ್ತಿರ ನಾಲ್ಕು ಕಿಲೋ. 1962ರ ಚೀನಾ ಯುದ್ಧದ ತರುವಾಯ ನಮ್ಮ ಸೈನ್ಯಕ್ಕೆ ಬಂದ ಎಸ್‌ಎಲ್‌ಆರ್ ನಾಲ್ಕು ಕಿಲೋ ದಾಟಿತು, ಅಂದರೆ ಹೊಸದು ಹಳೆಯದಕ್ಕಿಂತ ಭಾರ. ಕಾರ್ಗಿಲ್ ಹೊತ್ತಿಗೆ ಕೈಗೆ ಬಂದಿದ್ದ ಇನ್ಸಾಸ್ ಕೂಡ ಸರಿಸುಮಾರು ನಾಲ್ಕು. ಈಗ ಅಮೇಠಿಯ ಕೊರ್ವಾದಲ್ಲಿ ತಯಾರಾಗುತ್ತಿರುವ ಎಕೆ-203 ಖಾಲಿ ಇದ್ದಾಗ 3.8. ನೂರು ವರ್ಷ ದಾಟಿದ ಪ್ರಗತಿ ಇನ್ನೂರು ಗ್ರಾಂ! ನಡುವೆ ಹಗುರಾದದ್ದು ಗುಂಡು. ತ್ರೀ ನಾಟ್ ತ್ರೀಯ ಗುಂಡು 11 ಗ್ರಾಂ ಮೇಲಿತ್ತು, ಇನ್ಸಾಸಿನದು ಬರೇ 4. ಹೊರುವವನ ಭುಜದ ಭಾರ ಇಳಿಸುವ ಬದಲು ಎದುರಿಗಿರುವವನ ಎದೆಗೆ ಹೋಗುವುದನ್ನು ಇಳಿಸಿದರು. ಇದರಲ್ಲಿ ಅಹಿಂಸೆಯ ಅಂಶ ಎಷ್ಟು ಎಂಬುದನ್ನು ತತ್ತ್ವಶಾಸ್ತ್ರ ವಿಭಾಗದವರು ನೋಡಿಕೊಳ್ಳಲಿ.

ಒಂದಾದರೂ ಸೂತ್ರ ಇಲ್ಲದ ಪ್ರಬಂಧವನ್ನು ವಿಶ್ವವಿದ್ಯಾಲಯದಲ್ಲಿ ಯಾರೂ ಕೈಯಲ್ಲಿ ಹಿಡಿಯುವುದಿಲ್ಲವಾದ್ದರಿಂದ ಸ್ವಲ್ಪ ಭೌತಶಾಸ್ತ್ರ. ಗುಂಡು ಮುಂದೆ ಹೋದಷ್ಟೇ ರಭಸದ ಪಾಲು ಬಂದೂಕಿಗೆ ಹಿಂದಕ್ಕೆ ಬರುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ಗುಂಡು ಅದೇ ಇದ್ದು ಬಂದೂಕು ಮಾತ್ರ ಹಗುರಾದರೆ ಒದೆತ ಹೆಚ್ಚು. ಲೆಕ್ಕ ಸುಲಭ: ನಾಲ್ಕು ಕಿಲೋದ ಬಂದೂಕನ್ನು ಮೂರು ಕಿಲೋಗೆ ಇಳಿಸಿದಿರೋ, ಭುಜಕ್ಕೆ ಬೀಳುವ ಒದೆತದ ಶಕ್ತಿ ಮೂರನೇ ಒಂದರಷ್ಟು ಏರುತ್ತದೆ. ಹೊರುವಾಗ ಉಳಿಸಿದ್ದನ್ನು ಹಾರಿಸುವಾಗ ಬಡ್ಡಿ ಸಮೇತ ಕಟ್ಟಬೇಕು. ಪಾಯಿಂಟ್ ಟೂ ಟೂದಲ್ಲಿ ಗುಂಡೇ ಎರಡೂವರೆ ಗ್ರಾಂ ಆದ್ದರಿಂದ ಒದೆತದ ಮಾತಿಲ್ಲ, ಹೀಗಾಗಿ ಮೇಲಿನ ಲೆಕ್ಕ ಕಾಕಾರಿಗೆ ಅನ್ವಯಿಸುವುದಿಲ್ಲ. ಆದರೂ ಇಷ್ಟು ಕಷ್ಟಪಟ್ಟು ಮಾಡಿದ ಲೆಕ್ಕವನ್ನು ಅನ್ವಯಿಸುವುದಿಲ್ಲ ಎಂಬ ಸಣ್ಣ ಕಾರಣಕ್ಕೆ ಹೊಡೆದುಹಾಕುವುದು ವಿದ್ವತ್ತಿಗೆ ತರವಲ್ಲ.

ಅನ್ವಯದ ಮಾತು ಬಂತು. ಹಾರಿಸುವುದಾದರೂ ಯಾವುದಕ್ಕೆ? ಕಾಕಾರ ಪಡಸಾಲೆಯಲ್ಲಿ ಅವರಪ್ಪ ದಾಂಡೇಲಿ ಕಾಡಿನಲ್ಲಿ ಬೂಟುಗಾಲನ್ನು ಕಾಡುಹಂದಿಯ ಮೇಲಿಟ್ಟು ನಿಂತ ಫೋಟೋ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಆ ಫೋಟೋದಲ್ಲಿನ ಹಂದಿಯ ವಂಶಸ್ಥರು ಕಾಕಾರ ಗೋವಿನಜೋಳಕ್ಕೆ ಬಂದು ಹೋಗುತ್ತಾರೆ. "ಅವಕ್ಕ ಕಾಯ್ದೆ ಬಾಯಿಪಾಠ ಐತಿ" ಎಂಬುದು ಕಾಕಾರ ಖಚಿತ ಅಭಿಪ್ರಾಯ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ, ಪಾಯಿಂಟ್ ಟೂ ಟೂದಿಂದ ಹೊಡೆದರೆ ಹಂದಿಗೆ ಸಿಟ್ಟು ಬರುವುದರ ಹೊರತು ಬೇರೇನೂ ಆಗದು. ಇನ್ನು ಮದುವೆ ಮೆರವಣಿಗೆ. 2019ರಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಸಂಭ್ರಮಕ್ಕೆಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ವರನಿಗಿಂತ ವರನ ಸೋದರಮಾವನಿಗೆ ಶಿಕ್ಷೆ ಹೆಚ್ಚಾಗುವ ಏಕೈಕ ಸಂದರ್ಭ ಇದು.

ಹಾಗಾದರೆ ಈ ರೈಫಲ್ಲು ಎತ್ತಲ್ಪಡುವ ಪ್ರಸಂಗಗಳು ಯಾವುವು? ಇಲ್ಲಿಂದ ಪ್ರಬಂಧದ ನಿಜವಾದ ಹೂರಣ.

ಮೊದಲನೆಯದು ಖಂಡೇ ಪೂಜೆ. ಮಹಾನವಮಿಯ ದಿನ ಕುಡಗೋಲು, ಕೊಡಲಿ, ಕುರ್ಚಗಿಗಳ ಜೊತೆ ರೈಫಲ್ಲೂ ಹೊರಬಂದು ಕಂಬಳಿಯ ಮೇಲೆ ಮಲಗುತ್ತದೆ. ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಈ ಸಂದರ್ಭದಲ್ಲಿ ಭಾರ ಗೌರವಕ್ಕೆ ಸಾಧಕ. ಎನ್‌ಸಿಸಿ ಹುಡುಗರ ಬಂದೂಕಿಗೆ ಮಾಲೆ ಹಾಕಿದರೆ ಮಾಲೆಯೇ ದೊಡ್ಡದಾಗಿ ಕಾಣುತ್ತದೆ.

ಎರಡನೆಯದು ಲೈಸೆನ್ಸಿನ ನವೀಕರಣ. ಮೊದಲು ಮೂರು ವರ್ಷಕ್ಕೊಮ್ಮೆ ಇದ್ದದ್ದು 2019ರ ತಿದ್ದುಪಡಿಯಿಂದ ಐದು ವರ್ಷಕ್ಕೆ ಹೋಗಿದೆ. ರೈಫಲ್ಲನ್ನು ಒಂದು ಗ್ರಾಂ ಕೂಡ ಕಡಿಮೆ ಮಾಡದೆ ಹೊರುವ ಭಾರವನ್ನು ಐದರಲ್ಲಿ ಮೂರು ಪಾಲಿಗೆ ಇಳಿಸಿದ ಈ ಸುಧಾರಣೆಯನ್ನು ಬಂದೂಕು ತಯಾರಕರು ಇನ್ನೂ ಗಮನಿಸಿದಂತಿಲ್ಲ.

ಮೂರನೆಯದು, ಎಲ್ಲಕ್ಕೂ ಮಿಗಿಲಾದದ್ದು, ಚುನಾವಣೆ. ನೀತಿಸಂಹಿತೆ ಜಾರಿಯಾಯಿತೆಂದರೆ ಲೈಸೆನ್ಸುದಾರರ ಆಯುಧ ಠಾಣೆ ಸೇರಬೇಕು, ಫಲಿತಾಂಶ ಬಂದಮೇಲೆ ಮನೆ ಸೇರಬೇಕು. ಯಾರಿಗೆ ವಿನಾಯಿತಿ ಎಂದು ನೋಡಲು ಸಮಿತಿ ಇದೆ. ಬ್ಯಾಂಕಿನ ಕಾವಲಿನವರಿಗೆ, ರೈಫಲ್ ಸಂಸ್ಥೆಯ ಕ್ರೀಡಾಪಟುಗಳಿಗೆ ಸಿಗುತ್ತದೆ. ಕಾಕಾ ಬ್ಯಾಂಕಿಗೆ ಹೋಗುವುದು ಬೆಳೆಸಾಲಕ್ಕೆ, ಆಡುವುದು ಇಸ್ಪೀಟು. 2018ರಲ್ಲಿ ವಿಧಾನಸಭೆ, 2019ರಲ್ಲಿ ಲೋಕಸಭೆ, 2021ರಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ, 2023ರಲ್ಲಿ ಮತ್ತೆ ವಿಧಾನಸಭೆ, 2024ರಲ್ಲಿ ಮತ್ತೆ ಲೋಕಸಭೆ. ಅಭ್ಯರ್ಥಿಗಳಾದರೂ ಪಕ್ಷ ಬದಲಿಸಿ ಹಗುರಾಗುತ್ತಾರೆ. ಮತದಾರನಿಗೆ ಆ ಸೌಕರ್ಯವಿಲ್ಲ, ಅವನು ಅದೇ ರೈಫಲ್ಲು ಹೊತ್ತು ಅದೇ ಮೆಟ್ಟಿಲು ಹತ್ತಬೇಕು.

ಇಲ್ಲಿ ಇತಿಹಾಸದ ಕಡೆ ಒಂದು ಹೊರಳು ನೋಟ ಅಗತ್ಯ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಕಾಯ್ದೆ ಮುಧೋಳ ಸೀಮೆಯ ಹಲಗಲಿಗೆ ಬಂದಾಗ ಬೇಡರು ಒಪ್ಪಲಿಲ್ಲ. ಕುದುರೆ ದಂಡು ಬಂತು, ಊರು ಸುಟ್ಟರು, ಹಲವರನ್ನು ಗಲ್ಲಿಗೇರಿಸಿದರು, ಲಾವಣಿ ಹುಟ್ಟಿತು. ಮರುವರ್ಷ, ಮುಂದೆ ಬಹುಕಾಲ ಧಾರವಾಡ ಜಿಲ್ಲೆಯಲ್ಲಿದ್ದ ನರಗುಂದದಲ್ಲಿ ಬಾಬಾಸಾಹೇಬ ತಿರುಗಿಬಿದ್ದ. ಅದಕ್ಕೂ ಮೊದಲು 1824ರ ಕಿತ್ತೂರು. ಅಮಟೂರ ಬಾಳಪ್ಪನ ಗುಂಡಿಗೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಉರುಳಿದ, ಅವನ ಸಮಾಧಿ ನಮ್ಮ ಊರಲ್ಲೇ ಇದೆ. ಬಾಳಪ್ಪನ ಬಂದೂಕು ಎಷ್ಟು ಕಿಲೋ ಎಂದು ಆ ದಿನ ಯಾರೂ ಕೇಳಲಿಲ್ಲ. ಕೊಡು ಎಂದರೆ ಯುದ್ಧಕ್ಕೆ ಏಳುತ್ತಿದ್ದ ಇದೇ ಸೀಮೆಯ ಜನ ಇಂದು ಸಾಲಿನಲ್ಲಿ ನಿಂತು, "ಸಾಹೇಬ್ರ, ನಂದೂ ತಗೋರಿ, ಹೊಲಕ್ಕ ನೀರು ಬಿಡೂದೈತಿ" ಎನ್ನುತ್ತಾರೆ. ಇದು ಅವನತಿ ಎನ್ನುವವರಿದ್ದಾರೆ. ಕಾಯ್ದೆ ಮಾಡಿದವರನ್ನು ಐದು ವರ್ಷಕ್ಕೊಮ್ಮೆ ಕೆಳಗಿಳಿಸುವ ಬೇರೆ ಉಪಾಯ ಸಿಕ್ಕಮೇಲೆ ಬಂದೂಕು ಠಾಣೆಯಲ್ಲಿದ್ದರೇನು ಎಂಬುದು ನನ್ನ ಪಕ್ಷ.

ಇನ್ನು ಬದಲಿಸುವ ವಿಧಿ. ಹುಬ್ಬಳ್ಳಿಯಲ್ಲಿ ಸ್ಕೂಟರಿಗೆ, ಮಿಕ್ಸರಿಗೆ, ಹಾಸಿಗೆಗೆ ಕೂಡ ಎಕ್ಸ್‌ಚೇಂಜ್ ಆಫರ್ ಉಂಟು. ರೈಫಲ್ಲಿಗೆ ಇಲ್ಲ. 1959ರ ಆಯುಧ ಕಾಯ್ದೆಯ ಐದನೆಯ ಕಲಮಿನ ಪ್ರಕಾರ, ಖಾಸಗಿಯವರು ತಮ್ಮ ಬಂದೂಕನ್ನು ಇನ್ನೊಬ್ಬ ಲೈಸೆನ್ಸುದಾರನಿಗೆ ಮಾರಬೇಕಾದರೆ ಮೊದಲು ಬರೆದು ತಿಳಿಸಬೇಕು, ತಿಳಿಸಿ 45 ದಿನ ಕಾಯಬೇಕು. ಲೈಸೆನ್ಸಿನ ವ್ಯವಹಾರಕ್ಕೆ ನಗರದೊಳಗಿದ್ದರೆ ಪೊಲೀಸ್ ಕಮಿಷನರ ಕಚೇರಿ, ಹೊರಗಿದ್ದರೆ ಜಿಲ್ಲಾಧಿಕಾರಿಗಳ ಕಚೇರಿ. ಕಾಕಾರ ಹೊಲ ಹೊರಗೆ, ಮನೆ ಒಳಗೆ. ಆಮೇಲೆ ಹೊಸದರ ನಂಬರು ಲೈಸೆನ್ಸಿನಲ್ಲಿ ಏರಬೇಕು.

ಹಗುರದ್ದೂ ಹೀಗೆ ಭಾರವಾಗುವುದನ್ನು ನಮ್ಮ ಛಂದಶ್ಶಾಸ್ತ್ರ ಎಂದೋ ಗ್ರಹಿಸಿದೆ. ಲಘುವಿನ ಮುಂದೆ ಒತ್ತಕ್ಷರ ಬಂದರೆ ಆ ಲಘು ಗುರುವಾಗುತ್ತದೆ. ಹಗುರ ರೈಫಲ್ಲಿನ ಮುಂದೆ ಅರ್ಜಿ, ಮುಚ್ಚಳಿಕೆ, ಝೆರಾಕ್ಸು ಎಂಬ ಒತ್ತಕ್ಷರಗಳು ಬಂದ ಕೂಡಲೇ ಅದೂ ಗುರುವೇ. ಪಾದದ ಕೊನೆಯ ಲಘುವನ್ನೂ ಗುರುವೆಂದು ಎಣಿಸಬಹುದು. ಠಾಣೆಯ ಕೊನೆಯ ಮೆಟ್ಟಿಲಲ್ಲಿ ನಿಂತವರಿಗೆ ಈ ನಿಯಮ ಬಿಡಿಸಿ ಹೇಳಬೇಕಿಲ್ಲ. ಒತ್ತಕ್ಷರ ಬಂದರೂ ಲಘು ಲಘುವಾಗಿಯೇ ಉಳಿಯುವ ಒಂದೇ ಮಾರ್ಗ ಶಿಥಿಲದ್ವಿತ್ವ. ಅದಕ್ಕೆ ಕಚೇರಿಯೇ ಶಿಥಿಲವಾಗಬೇಕು, ಬಂದೂಕಿನ ವಿಷಯದಲ್ಲಿ ಅದು ಯಾರಿಗೂ ಒಳ್ಳೆಯದಲ್ಲ.

ಒಂದು ಉಪಪಕ್ಷ ಉಳಿಯಿತು: ಎರಡನ್ನೂ ಇಟ್ಟುಕೊಂಡರೆ? ಕಾಯ್ದೆಯಲ್ಲಿ ಅಡ್ಡಿಯಿಲ್ಲ. ಮೊದಲು ಮೂರರವರೆಗೆ ಇತ್ತು, 2019ರಿಂದ ಒಬ್ಬರಿಗೆ ಎರಡು. ಆಗ ಮುಂದಿನ ಚುನಾವಣೆಗೆ ಹೊರಬೇಕಾದದ್ದು ಆರೂಕಾಲು ಕಿಲೋ. ಈ ಪಕ್ಷವನ್ನು ಕಾಕಾ ತಾವೇ ಹಿಂತೆಗೆದುಕೊಂಡರು.

ಸಿದ್ಧಾಂತ ನನ್ನದಲ್ಲ, ಕಾಕಿಯದು. ನಾನು ಹಾಳೆಗಳನ್ನು ಓದಿ ಹೇಳುತ್ತಿದ್ದಾಗ ಅವರು ಪಡಸಾಲೆಯಲ್ಲಿ ಹಳೇ ಧೋತರ ಹಾಸಿ ರೈಫಲ್ಲು ಒರೆಸುತ್ತಿದ್ದರು. ಬೋಲ್ಟು ತೆಗೆದು ಪಕ್ಕಕ್ಕಿಟ್ಟಿದ್ದರು. ಎಣ್ಣೆಯಲ್ಲಿ ಅದ್ದಿದ ಚಿಂದಿಯನ್ನು ಹಗ್ಗದ ಕುಣಿಕೆಗೆ ಸಿಕ್ಕಿಸಿ, ತುದಿಯ ಹಿತ್ತಾಳೆ ಗುಂಡನ್ನು ನಳಿಕೆಯೊಳಗೆ ಬಿಟ್ಟು ಕೆಳಗಿನಿಂದ ಒಂದೇ ಎಳೆತಕ್ಕೆ ಎಳೆದರು. ಚಿಂದಿ ಬೆಳ್ಳಗೇ ಹೊರಬಂತು. ಬರದೆ ಏನು, ಹಾರಿಸಿದ್ದರಲ್ಲವೇ ಮಸಿ. ನಳಿಕೆಯನ್ನು ಬೆಳಕಿಗೆ ಹಿಡಿದು ಒಳಗೆ ಕಣ್ಣಾಡಿಸುತ್ತ ಅಂದರು: "ಇದು ಭಾರ ಐತಂತನ ಇದ್ದಲ್ಲೇ ಐತಿ. ಹಗರಂದು ತಂದ್ರ ಇವರು ಬಂದವರಿಗೆಲ್ಲಾ ತಗದು ತೋರಸ್ತಾರ. ಮೊಮ್ಮಕ್ಕಳು ಸೂಟಿಗೆ ಬರ್ತಾವ, ಅವಕ್ಕೂ ಎತ್ತಾಕ ಬರೂವಂಗ ಆಕ್ಕೈತಿ. ಬ್ಯಾಡ."

ಕಾಕಾ ಮಾತಾಡಲಿಲ್ಲ. ನಾನು ಹಾಳೆ ಮಡಿಸಿದೆ. ಇಷ್ಟುದ್ದದ ಗ್ರಂಥದಲ್ಲಿ ನಾನು ತೂಗಿದ್ದೆಲ್ಲ ಹೊರುವ ಕಷ್ಟವನ್ನು. ಆ ಕಷ್ಟವೇ ಬಂದೂಕಿನ ಮೊದಲ ಸೇಫ್ಟಿ ಎಂಬುದು ವರ್ಷ ವರ್ಷ ಅದನ್ನು ಎತ್ತಿ ಇಡುವವರಿಗೆ ಗೊತ್ತಿತ್ತು. ಕಾರ್ಖಾನೆಯವರು ಬೋಲ್ಟಿನ ಪಕ್ಕದಲ್ಲಿ ಕೊಡುವ ಸೇಫ್ಟಿಯನ್ನು ಹೆಬ್ಬೆರಳಿನಿಂದ ಸರಿಸಬಹುದು. ಇದನ್ನು ಸರಿಸಲಾಗದು.

ಆದ್ದರಿಂದ ನಿರ್ಣಯ: ಧಾರವಾಡ ಜಿಲ್ಲೆಯ ಯಾವ ಗೃಹಸ್ಥನೂ ಹೊರಲು ಸುಲಭವಾಗಲೆಂದು ರೈಫಲ್ಲು ಬದಲಿಸತಕ್ಕದ್ದಲ್ಲ. ಭುಜ ನೋಯುವವರು ಆಟೋ ಮಾಡಿಕೊಂಡು ಹೋಗಬಹುದು. ಗುಂಡು ಬೇರೆ ಚೀಲದಲ್ಲಿರಲಿ, ಲೈಸೆನ್ಸಿನ ಪುಸ್ತಕ ಜೇಬಿನಲ್ಲಿರಲಿ. ಠಾಣೆಯಲ್ಲಿ ಕೊಟ್ಟ ರಸೀದಿಯಲ್ಲಿ ರೈಫಲ್ಲಿನ ನಂಬರು, ಗುಂಡುಗಳ ಸಂಖ್ಯೆ ಸರಿಯಾಗಿ ಬರೆದಿದ್ದಾರೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿ, ಆಮೇಲೆ ಮನೆಗೆ ಹೊರಡಿ.