ಮೂರನೇ ಸಾಲಿನ ಮಹಾಸನ್ನಿಧಾನಕ್ಕೆ

ಸಮಸ್ತ ಏಳು ಸೀಟಿನ ಕಾರುಗಳಲ್ಲಿ, ಡಿಕ್ಕಿಯ ಬಾಗಿಲಿಗೆ ಬೆನ್ನು ಕೊಟ್ಟು, ಎರಡು ಚಕ್ರಗಳ ಉಬ್ಬುಗಳ ನಡುವೆ ಪೀಠಸ್ಥರಾಗಿರುವ ಪರಮಪೂಜ್ಯ ಮೂರನೇ ಸಾಲಿನವರ ಪಾದಾರವಿಂದಗಳಿಗೆ (ಪಾದ ಇಡಲು ತಮ್ಮಲ್ಲಿ ಜಾಗವಿದ್ದರೆ), ಏಳು ಜನರ ಸಂಸಾರಕ್ಕೆ ಸಂಬಳವಿಲ್ಲದ ಡ್ರೈವರ್ ಆಗಿರುವ ಈ ಬಡವನ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ.

ಮೊದಲು ಪರಿಚಯ. ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಸೋದರತ್ತೆ, ನಾನು, ನನ್ನಾಕೆ, ಇಬ್ಬರು ಮಕ್ಕಳು. ಇಂಥ ಮನೆಯವನಿಗೆ ಕಾರು ಓಡಿಸುವ ಹುಚ್ಚು ಇರಬಾರದು. ನನಗಿದೆ. ತಿರುವು ಕಂಡರೆ ಬೇಸರವಾಗುವ ಬದಲು ಬೆನ್ನು ನೆಟ್ಟಗಾಗುವ, ಗೇರು ಇಳಿಸಿದಾಗ ಎಂಜಿನ್ನಿನ ದನಿ ಏರುವುದನ್ನು ಕೇಳಲೆಂದೇ ಹಾಡು ಆಫ್ ಮಾಡುವ ಜಾತಿಯವನು ನಾನು. ಮುಂಚೆ ನನ್ನ ಬಳಿ ಇದ್ದದ್ದು ಹೇಳಿದ ಮಾತು ಕೇಳುವ ಒಂದು ಪುಟ್ಟ ಹ್ಯಾಚ್‌ಬ್ಯಾಕ್. ಮಕ್ಕಳು ಬೆಳೆದರು, ಅಪ್ಪ ನಿವೃತ್ತರಾಗಿ ಮೂಡಿಗೆರೆ ಕಡೆಯಿಂದ ಬೆಂಗಳೂರಿಗೆ ಬಂದರು, ಅವರ ಹಿಂದೆಯೇ ಅತ್ತೆಯೂ ಬಂದರು. ‘ಎಲ್ಲರೂ ಒಂದೇ ಕಾರಲ್ಲಿ ಹೋಗೋ ಹಾಗಿರಬೇಕು’ ಎಂಬ ಠರಾವು ಊಟದ ಹೊತ್ತಿಗೆ ಮಂಡನೆಯಾಗಿ, ಮಜ್ಜಿಗೆ ಬರುವಷ್ಟರಲ್ಲಿ ಸರ್ವಾನುಮತದಿಂದ ಪಾಸಾಯಿತು. ನನ್ನ ಮತ ಯಾರೂ ಕೇಳಲಿಲ್ಲ. ಹಾಗೆ ತಾವು ನಮ್ಮ ಮನೆಗೆ ದಯಮಾಡಿಸಿದಿರಿ.

ತಮ್ಮ ಪ್ರಥಮ ದರ್ಶನ ಆದದ್ದು ಶೋರೂಮಿನಲ್ಲಿ. ಅಲ್ಲಿನ ಹುಡುಗ ಮಧ್ಯದ ಸೀಟಿನ ಬದಿಯ ಲಿವರ್ ಎಳೆದ. ಸೀಟು ಮುಂದಕ್ಕೆ ಮಗುಚಿತು. ‘ಬನ್ನಿ ಆಂಟಿ, ಆರಾಮಾಗಿ ಹತ್ತಬಹುದು’ ಎಂದು ಅತ್ತೆಯನ್ನು ಕರೆದ. ಅತ್ತೆ ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು, ಇನ್ನೊಂದರಲ್ಲಿ ಮೇಲಿನ ಹಿಡಿ ಹಿಡಿದು, ಬಲಗಾಲು ಒಳಗಿಟ್ಟು, ತಲೆ ತಗ್ಗಿಸಿ, ಎಡಗಾಲು ಎಲ್ಲಿಡುವುದೆಂದು ತಿಳಿಯದೆ ಒಂದು ಗಳಿಗೆ ಹಾಗೇ ನಿಂತರು. ಕೊನೆಗೆ ಪಕ್ಕಕ್ಕೆ ವಾಲಿ, ಧೊಪ್ಪೆಂದು ತಮ್ಮ ಮಡಿಲಿಗೆ ಬಿದ್ದರು. ತಾವಿರುವಲ್ಲಿ ನೆಲ ಎತ್ತರ, ಮೆತ್ತೆ ತಗ್ಗು. ಹಾಗಾಗಿ ಮಂಡಿ ಗಲ್ಲದ ಹತ್ತಿರ ಬಂದಿತ್ತು. ‘ಹೇಗಿದೆ ಆಂಟಿ?’ ಎಂದ ಹುಡುಗ. ಅತ್ತೆ ಬಲಗಡೆ ನೋಡಿದರು. ಲೋಟ ಇಡುವ ಕುಳಿ ಇತ್ತು. ಎಡಗಡೆ ಫೋನ್ ಚಾರ್ಜ್ ಮಾಡುವ ತೂತು ಇತ್ತು. ‘ಎಲ್ಲಾ ಚೆನ್ನಾಗಿದೆಯಪ್ಪ. ಕಾಫಿ ಲೋಟಕ್ಕೆ ಜಾಗ ಮಾಡಿದೀರ, ಕಾಲಿಗೂ ಒಂಚೂರು ಮಾಡಿದ್ರೆ ಆಗ್ತಿತ್ತು’ ಎಂದರು. ಅವರನ್ನು ಹೊರಗೆ ತೆಗೆಯಲು ಇಬ್ಬರು ಬೇಕಾದರು. ಜಾಹೀರಾತಿನ ಚಿತ್ರಗಳಲ್ಲಿ ತಮ್ಮ ಮೇಲೆ ಕೂತವರೆಲ್ಲ ಹಲ್ಲು ಕಾಣುವಂತೆ ನಗುತ್ತಿರುತ್ತಾರೆ. ಅವರನ್ನು ಕೆಳಗಿಳಿಸುವ ಚಿತ್ರವನ್ನು ಮಾತ್ರ ಯಾವ ಕಂಪನಿಯೂ ಇದುವರೆಗೆ ಅಚ್ಚು ಹಾಕಿಲ್ಲ.

ಇದಕ್ಕೆಲ್ಲ ತಾವೊಬ್ಬರೇ ಹೊಣೆಯಲ್ಲ ಎಂಬುದನ್ನು ಬಲ್ಲೆ. 2006ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿತು. ಅಲ್ಲಿಂದೀಚೆಗೆ ಈ ದೇಶದಲ್ಲಿ ಕಾರಿನ ಉದ್ದ ಎಷ್ಟಿರಬೇಕೆಂದು ಎಂಜಿನಿಯರಿಗಿಂತ ಮೊದಲು ತೆರಿಗೆ ಲೆಕ್ಕ ಬರೆಯುವವನೇ ತೀರ್ಮಾನಿಸುತ್ತಾನೆ. 2019ರಲ್ಲಿ ಬಂದ ಟ್ರೈಬರ್ ಎಂಬ ಕಾರು 3,990 ಮಿಲಿಮೀಟರಿನಲ್ಲಿ ಏಳು ಜನರನ್ನು ಕೂರಿಸಿ, ಉಳಿದ ಹತ್ತು ಮಿಲಿಮೀಟರನ್ನು ಸರ್ಕಾರಕ್ಕೆ ಗೌರವಾರ್ಥ ಬಿಟ್ಟುಕೊಟ್ಟಿತು. 2025ರ ಸೆಪ್ಟೆಂಬರ್ 22ರಿಂದ ಆ ನಾಲ್ಕು ಮೀಟರಿನ ಗೆರೆಯೊಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18. ಗೆರೆ ದಾಟಿದರೆ ಶೇ 40. ಎರ್ಟಿಗಾ ಎಂಬ ಏಳು ಸೀಟಿನ ಕಾರು ಆ ಗೆರೆಯಿಂದಾಚೆ ಒಂದಡಿಗಿಂತ ತುಸು ಹೆಚ್ಚು ಚಾಚಿಕೊಂಡಿದೆ. ಆ ಒಂದಡಿಯಲ್ಲಿರುವುದು ನಮ್ಮ ಅತ್ತೆಯ ಮಂಡಿ. ಅಂದರೆ ಅತ್ತೆಯ ಮಂಡಿ ಸರ್ಕಾರದ ಲೆಕ್ಕದಲ್ಲಿ ಐಷಾರಾಮ. ‘ನಾವಿಬ್ಬರು, ನಮಗಿಬ್ಬರು’ ಎಂದು ಊರೂರ ಗೋಡೆಗಳ ಮೇಲೆ ಬರೆಸಿದವರು, ಅಪ್ಪ ಅಮ್ಮ ಎಲ್ಲಿ ಕೂರಬೇಕೆಂದು ಬರೆಸಲು ಮರೆತರು. ಇದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ ಬೇರೆ. ಹೆಸರೇ ಹೇಳುವಂತೆ ಜೀವ ಇರುವವರೆಗೂ ಮರೆಯುವಂಥದ್ದಲ್ಲ.

ತಮ್ಮ ಇನ್ನೊಂದು ಲೀಲೆ, ಡಿಕ್ಕಿಯನ್ನು ಮಾಯ ಮಾಡುವುದು. ತಾವು ಎದ್ದು ಕೂತಿರೆಂದರೆ ಟ್ರೈಬರಿನಲ್ಲಿ ಉಳಿಯುವ ಜಾಗ 84 ಲೀಟರ್. ದೊಡ್ಡ ಕಾರುಗಳಲ್ಲಿ ಅದು ಇನ್ನೂರು ಲೀಟರಿನ ಆಸುಪಾಸು. ಏಳು ಜನ ಹೋಗಬಹುದು, ಏಳು ಜನರ ಬಟ್ಟೆ ಹೋಗುವಂತಿಲ್ಲ. ಊರಿಂದ ಹೊರಡುವಾಗ ಅಕ್ಕಿ, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ, ಎಲ್ಲದರ ಮೇಲೆ ಚಿಕ್ಕಪ್ಪನ ತೋಟದ ಒಂದು ಹಲಸಿನ ಹಣ್ಣು. ಹಣ್ಣನ್ನು ಬಿಟ್ಟು ಬಂದರೆ ಚಿಕ್ಕಪ್ಪನಿಗೆ ಬೇಜಾರು. ಆದ್ದರಿಂದ ತಮ್ಮಲ್ಲೇ ಒಂದು ಸೀಟಿನಲ್ಲಿ ಅದನ್ನು ಕೂರಿಸಿ, ಬೆಲ್ಟು ಬಿಗಿದು, ಮಗನನ್ನು ಅವನ ಅಜ್ಜಿಯ ಪಕ್ಕಕ್ಕೆ ಒತ್ತಿ ಕೂರಿಸಿದೆವು. ದಾರಿಯುದ್ದಕ್ಕೂ ಆರಾಮಾಗಿದ್ದದ್ದು ಆ ಹಣ್ಣೊಂದೇ. ಟ್ರೈಬರಿನಲ್ಲಿ ತಮ್ಮನ್ನು ಪೂರ್ತಿ ಕಳಚಿ ಮನೆಯಲ್ಲಿಟ್ಟು ಬರುವ ಅನುಕೂಲವಿದೆ. ಆಗ ಡಿಕ್ಕಿ 625 ಲೀಟರ್ ಆಗುತ್ತದೆ. ಪರಿಚಯದವರ ಫ್ಲ್ಯಾಟಿನಲ್ಲಿ ಹಾಗೆ ಕಳಚಿದ ಸೀಟು ನಡುಮನೆಯಲ್ಲಿ ಟೀವಿ ಮುಂದೆ ಇದೆ. ಮನೆಯ ಅಜ್ಜ ಅದರ ಮೇಲೆ ಕೂತು ಧಾರಾವಾಹಿ ನೋಡುತ್ತಾರೆ. ತಮ್ಮ ಮೇಲೆ ಕೂತು ಕಾಲು ಚಾಚಿದ ಮನುಷ್ಯನನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ತಾವು ನಮ್ಮ ಬಂಧುಬಳಗವನ್ನು ಬೆಸೆದ ಪರಿಗೆ ಮಾತ್ರ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಹ್ಯಾಚ್‌ಬ್ಯಾಕ್ ಇದ್ದ ಕಾಲದಲ್ಲಿ ನನ್ನ ಫೋನ್ ನಂಬರ್ ಅರ್ಧ ನೆಂಟರ ಬಳಿ ಇರಲಿಲ್ಲ. ತಾವು ಬಂದ ವಾರದಲ್ಲೇ ಸುದ್ದಿ ಹೋಯಿತು. ‘ನಿಮ್ದು ಏಳು ಸೀಟಿಂದಂತಲ್ಲ?’ ಎಂಬಲ್ಲಿಂದ ಮಾತು ಶುರುವಾದರೆ ನಾನು ಕ್ಯಾಲೆಂಡರ್ ತೆಗೆಯುತ್ತೇನೆ. ಗೃಹಪ್ರವೇಶ, ನಾಮಕರಣ, ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಬೆಳಗಿನ ಜಾವದ ಸವಾರಿ, ತುಮಕೂರಿನಲ್ಲಿ ಹುಡುಗಿ ನೋಡುವ ಶಾಸ್ತ್ರ. ಹುಡುಗಿ ನೋಡಲು ಹುಡುಗ, ಅವನ ಅಪ್ಪ ಅಮ್ಮ ಹೋದರೆ ಸಾಲದೆ? ಸಾಲುತ್ತದೆ, ಆದರೆ ಸೀಟು ಖಾಲಿ ಹೋಗಬಾರದಲ್ಲ! ಒಬ್ಬ ದೊಡ್ಡಪ್ಪ, ಅವರನ್ನು ನೋಡಿಕೊಳ್ಳಲು ಒಬ್ಬ ಭಾವ, ದಾರಿ ಗೊತ್ತಿದೆ ಎನ್ನುವ ಇನ್ನೊಬ್ಬರು. ದಾರಿ ಗೊತ್ತಿದ್ದವರು ತಮ್ಮ ಪೀಠದಿಂದಲೇ ‘ಎಡಕ್ಕೆ! ಎಡಕ್ಕೆ!’ ಎಂದು ಕೂಗುತ್ತಾರೆ. ಆ ಕೂಗು ನನ್ನ ಕಿವಿಗೆ ಬೀಳುವಾಗ ಎಡತಿರುವು ಹಿಂದೆ ಹೋಗಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ, ಅಷ್ಟೆ. ನನ್ನದು ಬಿಳಿ ಬೋರ್ಡು. ಆದರೂ ಮದುವೆ ಛತ್ರದ ಮುಂದೆ ಒಬ್ಬರು ಗಾಜು ತಟ್ಟಿ, ‘ಮೆಜೆಸ್ಟಿಕ್‌ಗೆ ಎಷ್ಟು ತಗೋತೀಯಪ್ಪ?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ನಮ್ಮ ಭಾವ ರೇಟು ಹೇಳಿದರು.

ಈಗ ಸುಖದ ವಿಷಯಕ್ಕೆ ಬರೋಣ. ಏಳು ಜನ, ತಲಾ 65 ಕೆಜಿ ಎಂದರೂ 455 ಕೆಜಿ. ತಮ್ಮ ಪಾಲಿನ ಭಾರವೆಲ್ಲ ಹಿಂದಿನ ಆಕ್ಸಲ್ ಮೇಲೆ. ಮೂತಿ ಮೇಲೇಳುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ, ಹೆಡ್‌ಲೈಟು ರಸ್ತೆ ಬಿಟ್ಟು ಎದುರಿನವನ ಕಣ್ಣು ನೋಡುತ್ತದೆ. ಅದನ್ನು ತಗ್ಗಿಸಲು ಸ್ಟೀರಿಂಗಿನ ಬಲಗಡೆ ಸೊನ್ನೆಯಿಂದ ಮೂರರವರೆಗೆ ಅಂಕಿ ಬರೆದ ಪುಟ್ಟ ಚಕ್ರವೊಂದು ಬಹಳ ಕಾರುಗಳಲ್ಲಿ ಇರುತ್ತದೆ. ಅದನ್ನು ತಿರುಗಿಸಿದವರನ್ನು ನಾನು ನೋಡಿದ್ದು ಕಡಿಮೆ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಪೂರ್ತಿ ಭಾರಕ್ಕೆ ಹಿಂದಿನ ಟೈರಿಗೆ ಹೆಚ್ಚು ಗಾಳಿ ತುಂಬಿಸಿ ಎಂದು ಬರೆದಿರುತ್ತದೆ. ಪಂಕ್ಚರ್ ಅಂಗಡಿಯವನು ಮಾತ್ರ ನಾಲ್ಕಕ್ಕೂ ಒಂದೇ ಗಾಳಿ ಎನ್ನುತ್ತಾನೆ. ಏಳು ಜನರನ್ನು ಹೊರಲೆಂದು ಹಿಂದಿನ ಸ್ಪ್ರಿಂಗುಗಳನ್ನು ಗಟ್ಟಿ ಮಾಡಿರುವುದರಿಂದ, ಅಪರೂಪಕ್ಕೆ ನಾನೊಬ್ಬನೇ ಹೊರಟರೆ ರಸ್ತೆಯ ಪ್ರತಿ ಉಬ್ಬಿಗೂ ಹಿಂಭಾಗ ಎಗರುತ್ತದೆ. ಜನ ಬಂದರೂ ಕಷ್ಟ, ಬರದಿದ್ದರೂ ಕಷ್ಟ. ಇಂಥ ಸಮದರ್ಶಿಗಳು ತಾವು.

ಧರ್ಮಸ್ಥಳಕ್ಕೆ ಹೋಗುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುವುದೆಂದರೆ ನನಗೆ ಹಬ್ಬ. ಎರಡನೇ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಅರ್ಧ ಕೆಲಸ. ಹತ್ತಿ ಬರುವ ಬಸ್ಸಿಗೆ ದಾರಿ ಬಿಟ್ಟು, ಹಾರನ್ ಮಾಡಿ, ತಿರುವಿನ ತುದಿ ಕಾಣುತ್ತಲೇ ಸ್ಟೀರಿಂಗ್ ಬಿಡಿಸುವ ಆ ಕ್ಷಣಕ್ಕಾಗಿ ನಾನು ಏನು ಬೇಕಾದರೂ ಕೊಡಬಲ್ಲೆ. ಸರಿಯಾಗಿ ಆ ಕ್ಷಣದಲ್ಲೇ ತಮ್ಮ ಕಡೆಯಿಂದ ‘ಅಪ್ಪಾ, ಹೊಟ್ಟೆ ತೊಳಸ್ತಿದೆ’ ಎಂಬ ಅಶರೀರವಾಣಿ. ಕವರ್ ಹುಡುಕುವಷ್ಟರಲ್ಲಿ ನೀರುದೋಸೆಯ ಮರುದರ್ಶನ. ಕಾರಣ ಸರಳ. ಮುಂದಿನವರು ಎರಡು ಆಕ್ಸಲ್‌ಗಳ ನಡುವೆ ಕೂತಿರುತ್ತಾರೆ. ತಾವು ಹಿಂದಿನ ಆಕ್ಸಲ್ಲಿನ ನೆತ್ತಿಯ ಮೇಲೆ. ನನ್ನ ಕೈಯ ಚಿಕ್ಕ ಒರಟುತನ ತಮ್ಮನ್ನು ಮುಟ್ಟುವಾಗ ದೊಡ್ಡ ಕುಲುಕಾಟವಾಗಿರುತ್ತದೆ. ಮುಂದಿನ ರಸ್ತೆ ಕಾಣುವುದಿಲ್ಲ, ಪಕ್ಕದ ಗಾಜು ಇಳಿಯುವುದಿಲ್ಲ. ತಮ್ಮ ದೆಸೆಯಿಂದ ನಾನು ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸುವುದನ್ನು, ಬ್ರೇಕಿನಿಂದ ಕಾಲನ್ನು ಒಮ್ಮೆಗೇ ಕಿತ್ತುಕೊಳ್ಳದೆ ಮೆಲ್ಲಗೆ ಬಿಡುವುದನ್ನು, ಗೇರು ಬಿದ್ದದ್ದು ಯಾರಿಗೂ ತಿಳಿಯದಂತೆ ಹಾಕುವುದನ್ನು ಕಲಿತೆ. ವೇಗದಲ್ಲಿ ಇಲ್ಲದ ಸುಖವೊಂದು ಇದರಲ್ಲಿದೆ, ಸುಳ್ಳು ಹೇಳುವುದಿಲ್ಲ. ಆದರೆ ಗುರುಗಳೇ, ಪಾಠ ಹೇಳಲು ಪ್ರತಿ ಸಲವೂ ವಾಂತಿಯನ್ನೇ ಬಳಸಬೇಕೆ?

ತಮಗೂ ಓಡಿಸುವವನಿಗೂ ಹೊಂದಾಣಿಕೆ ಮಾಡಿಸಲು ಹೊರಟವರು ಇರಲಿಲ್ಲವೆಂದಲ್ಲ. ಹೋಂಡಾ 2014ರಲ್ಲಿ ಮೊಬಿಲಿಯೊ, 2016ರಲ್ಲಿ ಬಿಆರ್-ವಿ ತಂದಿತು. ಏಳು ಸೀಟು, ಲವಲವಿಕೆಯ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್, ಸೆಡಾನಿಗೆ ಹತ್ತಿರದ ನಡತೆ. ನಮ್ಮ ಜನ ‘ಗತ್ತಿಲ್ಲ’ ಎಂದು ಮುಖ ತಿರುಗಿಸಿ, ಎತ್ತರದ ಬಾನೆಟ್ಟಿನ ಗಾಡಿಗಳ ಹಿಂದೆ ಹೋದರು. ಎರಡೂ ಮರೆಯಾದವು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ 2005ರಿಂದ ದೊಡ್ಡ ಸಂಸಾರಗಳ ಕುಲದೈವ. ಅದರ ಕ್ರಿಸ್ಟಾ ಮಾದರಿ 2023ರಲ್ಲಿ ಮರಳಿ ಬಂದಾಗ ಡೀಸೆಲ್ ಎಂಜಿನ್ನು, ಮ್ಯಾನುಯಲ್ ಗೇರು, ಹಿಂದಿನ ಚಕ್ರಗಳಿಗೆ ಬಲ. ಅದೇ ಇನ್ನೋವಾದ ಹೈಕ್ರಾಸ್‌ನಲ್ಲಿ ಕೂತವರಿಗೆ ಹೆಚ್ಚು ಸುಖವಿದೆ, ಆದರೆ ಕ್ಲಚ್ ಪೆಡಲ್ ಇಲ್ಲ. ನನ್ನ ಎಡಗಾಲು ಅಲ್ಲಿ ನಿವೃತ್ತಿ ವೇತನದ ಮೇಲೆ ಬದುಕಬೇಕು. ಫ್ರಾನ್ಸಿನ ರೆನೋದವರು 1990ರ ದಶಕದಲ್ಲಿ ಎಸ್ಪಾಸ್ ಎಂಬ ತಮ್ಮ ಸಂಸಾರಸ್ಥ ವ್ಯಾನಿಗೆ ಫಾರ್ಮುಲಾ ಒನ್ ಕಾರಿನ ವಿ10 ಎಂಜಿನ್ ಕೂರಿಸಿ ಪ್ರದರ್ಶನಕ್ಕೆ ಇಟ್ಟಿದ್ದರು. ಅದರಲ್ಲಿದ್ದದ್ದು ನಾಲ್ಕೇ ಸೀಟು. ಮಜಾ ಬೇಕೆಂದರೆ ಮೊದಲು ಕಳಚಬೇಕಾದದ್ದು ಯಾರನ್ನು ಎಂಬುದು ಅವರಿಗೂ ಗೊತ್ತಿತ್ತು.

ಒಂದು ಮಾತು ಮಾತ್ರ ನಗದೆ ಹೇಳಬೇಕಿದೆ. ತಮ್ಮ ಮೇಲೆ ಕೂತವರ ತಲೆಗೂ ಹಿಂದಿನ ಗಾಜಿಗೂ ಅಂತರ ಒಂದು ಗೇಣು ಇದ್ದರೆ ಹೆಚ್ಚು. ಕೆಲವು ಕಾರುಗಳಲ್ಲಿ ಪಕ್ಕದ ಪರದೆ ಏರ್‌ಬ್ಯಾಗು ತಮ್ಮವರೆಗೆ ಬರುವುದಿಲ್ಲ. ಆ ಜಾಗಕ್ಕೆ ನಾವು ಕಳಿಸುವುದು ಯಾರನ್ನು? ಮನೆಯ ಚಿಕ್ಕವರನ್ನು, ಇಲ್ಲವೆ ಬೇಡವೆನ್ನಲಾಗದ ವಯಸ್ಸಾದವರನ್ನು. ಅವರು ಹತ್ತಿ ಕೂತೊಡನೆ ಬೆಲ್ಟಿನ ಕೊಂಡಿ ಸೀಟಿನ ಸಂದಿಯೊಳಗೆ ಅಡಗಿಕೊಳ್ಳುವ ತಮ್ಮ ಚೇಷ್ಟೆ ನನಗೆ ಒಂದಿಷ್ಟೂ ಹಿಡಿಸುವುದಿಲ್ಲ.

ಆದುದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಜಾಹೀರಾತಿನಲ್ಲಿ ತಮ್ಮ ಚಿತ್ರದ ಕೆಳಗೆ ‘ಐದಡಿ ಒಳಗಿನವರಿಗೆ ಮಾತ್ರ’ ಎಂದು ಬರೆಸಿಕೊಳ್ಳಬೇಕು. ಲೋಟದ ಕುಳಿ ಒಂದನ್ನು ತ್ಯಾಗ ಮಾಡಿ ಮಂಡಿಗೆ ನಾಲ್ಕು ಬೆರಳು ದಯಪಾಲಿಸಬೇಕು. ನಮ್ಮ ಭಾವ ಬಂದಾಗ ತೆರೆದುಕೊಳ್ಳುವಷ್ಟೇ ಉತ್ಸಾಹದಿಂದ ಅವರು ಹೋದ ಮೇಲೆ ಮಡಚಿಕೊಳ್ಳಬೇಕು. ಇಷ್ಟನ್ನು ನಡೆಸಿಕೊಟ್ಟರೆ ತಮ್ಮ ಮೇಲಿನ ಚಿಪ್ಸಿನ ಪುಡಿಯನ್ನು ವಾರಕ್ಕೊಮ್ಮೆ ನಾನೇ ಕೈಯಾರೆ ಗುಡಿಸುತ್ತೇನೆ.

ಇಂತಿ ತಮ್ಮ ವಿಧೇಯ,
ಮುಂದಿನ ಸಾಲಿನ ಬಲಗಡೆಯವನು

ತಾ.ಕ.: ಬರುವ ಭಾನುವಾರ ಬೆಳಗ್ಗೆ ಐದಕ್ಕೆ ನಾನೊಬ್ಬನೇ ನಂದಿ ಬೆಟ್ಟದ ಕಡೆ ಹೋಗುವವನಿದ್ದೇನೆ. ಅದೇ ದಿನ ಹೊಸಕೋಟೆಯಲ್ಲಿ ಒಂದು ಸೀಮಂತ ಇದೆಯಂತೆ, ಭಾವನಿಗೆ ಕಾರು ಬೇಕಂತೆ. ಮೂರನೇ ಸಾಲಿನ ಲಿವರ್ ಸಿಕ್ಕಿಹಾಕಿಕೊಂಡಿದೆ, ಸೀಟು ಮೇಲೇಳುತ್ತಿಲ್ಲ ಎಂದು ಅವರಿಗೆ ಹೇಳಿದ್ದೇನೆ. ಅವರು ಶನಿವಾರ ಸಂಜೆ ಬಂದು ಸ್ವತಃ ಎಳೆದು ನೋಡುತ್ತಾರಂತೆ. ದಯವಿಟ್ಟು ಅಲುಗಾಡಬೇಡಿ.