ಅಧಿಕ ಶುಲ್ಕ ಮೀಮಾಂಸೆ: ಒಂದು ಮೊಬೈಲ್ ಬಿಲ್ಲಿನ ಶಾಸನಶಾಸ್ತ್ರೀಯ ಅಧ್ಯಯನ

ಬಿ.ಎಲ್. ರೈಸ್ ಅವರು 1886ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ಹೊರತಂದ ಮೇಲೆ ಈ ನಾಡಿನ ಕಲ್ಲು, ತಾಮ್ರಪಟ, ಗುಡಿಯ ಗೋಡೆ, ಕೆರೆಯ ತೂಬುಗಳೆಲ್ಲ ಬಾಯಿಬಿಟ್ಟವು. ಅನಂತರ ಬಂದ ವಿದ್ವಾಂಸರು ಹೊಲದ ಬದುವಿನಲ್ಲಿ ದನ ಮೈ ಉಜ್ಜಿಕೊಳ್ಳುತ್ತಿದ್ದ ಕಲ್ಲನ್ನೂ ಬಿಡಲಿಲ್ಲ. ಇಷ್ಟಾಗಿಯೂ ಒಂದು ಬಗೆಯ ಶಾಸನ ಎಲ್ಲರ ಕಣ್ಣು ತಪ್ಪಿಸಿಕೊಂಡಿದೆ. ಅದು ತಿಂಗಳು ತಿಂಗಳೂ ಹೊಸದಾಗಿ ಹೊರಡುತ್ತದೆ, ಮನೆಮನೆಗೂ ಬರುತ್ತದೆ, ಯಾರೂ ಓದುವುದಿಲ್ಲ. ಅದು ಮೊಬೈಲ್ ಬಿಲ್ಲು. ಪ್ರಸ್ತುತ ಅಧ್ಯಯನಕ್ಕೆ ಆಯ್ದುಕೊಂಡಿರುವುದು ಹಾಸನದ ಒಬ್ಬ ನಿವೃತ್ತ ಗಣಿತ ಮೇಷ್ಟ್ರ ಹೆಸರಿಗೆ ಹೊರಟ ಪೋಸ್ಟ್‌ಪೇಯ್ಡ್ ಬಿಲ್ಲು. ಕಂಪನಿಯ ಹೆಸರನ್ನು ಕೈಬಿಡಲಾಗಿದೆ. ಶಾಸನ ಕೆತ್ತಿದ ಎಲ್ಲ ರೂವಾರಿಗಳ ಹೆಸರೂ ನಮಗೆ ಸಿಕ್ಕಿಲ್ಲವಷ್ಟೆ.

ಶಾಸ್ತ್ರಗ್ರಂಥ ಬರೆಯುವವನು ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ವಿಷಯ: ಬಿಲ್ಲಿನಲ್ಲಿ ತಾನಾಗಿ ಮೂಡುವ ಅಧಿಕ ಶುಲ್ಕ. ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹನಾದವನು: ಬಿಲ್ಲಿನ ಎರಡನೆಯ ಪುಟವನ್ನು ತೆರೆದು ನೋಡಿದವನು. ಪ್ರಯೋಜನ: ಇಲ್ಲ. ಸಂಬಂಧ: ಕಂಪನಿಗೂ ಗ್ರಾಹಕನಿಗೂ ಇರುವಂಥದ್ದು. ಇದನ್ನು ಕಡಿದುಕೊಳ್ಳಬೇಕೆಂದರೆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಬೇಕು. ಆ ಸೌಲಭ್ಯ 2011ರ ಜನವರಿಯಿಂದ ದೇಶವಿಡೀ ಇದೆ. ಆದರೆ ಪೋರ್ಟ್ ಆಗಬೇಕಾದರೆ ಹಳೆಯ ಬಾಕಿ ತೀರಿರಬೇಕು. ಬಾಕಿಯೇ ವಿವಾದದಲ್ಲಿದೆ. ಆದಕಾರಣ ಈ ಸಂಬಂಧವನ್ನು ನೈಯಾಯಿಕರ ಸಮವಾಯ ಸಂಬಂಧವೆಂದೇ ತಿಳಿಯತಕ್ಕದ್ದು, ಬಿಡಿಸಲು ಬಾರದು.

ಇನ್ನು ಶಾಸನ ಪಾಠ. ಇದನ್ನು ಓದುವ ಮೊದಲು ತೆರೆಯಬೇಕು, ತೆರೆಯಲು ಪಾಸ್‌ವರ್ಡ್ ಬೇಕು. ಹೆಸರಿನ ಮೊದಲ ನಾಲ್ಕಕ್ಷರ, ಆಮೇಲೆ ಹುಟ್ಟಿದ ತಾರೀಖು. ಉತ್ತರದವರಿಗೆ ಇದು ಸುಲಭ. ಮೇಷ್ಟ್ರ ಹೆಸರಿನ ಹಿಂದೆ ಎರಡು ಇನಿಷಿಯಲ್‌ಗಳಿವೆ. ಒಂದು ಊರಿನದು, ಇನ್ನೊಂದು ಅವರಪ್ಪನದು. ಈ ಇಬ್ಬರೂ ನಾಲ್ಕಕ್ಷರದ ಲೆಕ್ಕಕ್ಕೆ ಸೇರುತ್ತಾರೋ ಇಲ್ಲವೋ, ನಡುವಿನ ಚುಕ್ಕೆಗಳ ಗತಿಯೇನು ಎಂಬುದರಲ್ಲಿ ಪಾಠಭೇದಗಳಿವೆ. ಹುಟ್ಟಿದ ತಾರೀಖಿನಲ್ಲೂ ಎರಡು ಪರಂಪರೆ: ತಾಯಿ ಹೇಳಿದ್ದು ಒಂದು, ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಬರೆದುಕೊಂಡದ್ದು ಇನ್ನೊಂದು. ಕಂಪನಿ ಹೆಡ್‌ಮಾಸ್ಟರ ಪರಂಪರೆಗೆ ಸೇರಿದ್ದು ಎಂಬುದು ಸಾಕಷ್ಟು ಪ್ರಯೋಗಗಳ ಬಳಿಕ ಸಿದ್ಧವಾಯಿತು.

ತೆರೆದ ಮೇಲೆ ಸಂಶಯಕ್ಕೆ ಎಡೆಯಿಲ್ಲ, ಇದು ದಾನಶಾಸನವೇ. ಮೊದಲಿಗೆ ಪ್ರಶಸ್ತಿ ಭಾಗ: ‘ನಮ್ಮ ಅಮೂಲ್ಯ ಗ್ರಾಹಕರೇ’. ಆಮೇಲೆ ಕಾಲನಿರ್ದೇಶ, ಶಕವರ್ಷ, ಸಂವತ್ಸರಗಳ ಜಾಗದಲ್ಲಿ ಬಿಲ್ಲಿಂಗ್ ಸೈಕಲ್. ಅನಂತರ ದತ್ತಿಯ ವಿವರ. ಇಲ್ಲಿ ದಾನಿ ಗ್ರಾಹಕನೇ. ತಾನು ದಾನ ಮಾಡಿದ್ದು ದಾನಿಗೇ ಗೊತ್ತಿಲ್ಲದಿರುವುದು ಈ ಶಾಸನದ ವೈಶಿಷ್ಟ್ಯ. ಕಟ್ಟಕಡೆಗೆ ಶಾಪಾಶಯ. ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂದು ನಮ್ಮ ಹಿರಿಯರು ಕೆತ್ತಿಸುತ್ತಿದ್ದರು. ಕೊನೆಯ ತಾರೀಖು ಮೀರಿದರೆ ತಡಪಾವತಿ ಶುಲ್ಕವೆಂದು ಇವರು ಅಚ್ಚು ಹಾಕಿಸುತ್ತಾರೆ. ಕವಿಲೆಯ ಪಾಪ ಮುಂದಿನ ಜನ್ಮದವರೆಗೆ ಕಾಯುತ್ತಿತ್ತು. ಇದಕ್ಕೆ ಅಷ್ಟು ತಾಳ್ಮೆಯಿಲ್ಲ.

ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳು ಮತ್ತೆ ಮತ್ತೆ ಬರುತ್ತವೆ. (ಕೊನೆಯ ಹೆಸರು ನೋಡಿ ಗ್ರಾಹಕರು ಹಿಗ್ಗಬೇಕಾಗಿಲ್ಲ. ಅದೂ ಕೊಟ್ಟೇ ತೀರಬೇಕಾಗಿದ್ದ ಸುಂಕ.) ಮೊಬೈಲಿನ ಸುಂಕಗಳ ಇತಿಹಾಸವೂ ಅಷ್ಟೇ ಭವ್ಯವಾದದ್ದು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯ ಸಚಿವ ಸುಖ್ ರಾಮ್ ಅವರೊಡನೆ ಮಾತಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಆ ಯುಗದಲ್ಲಿ ಮಾತಾಡಿದವನೂ ದುಡ್ಡು ಕೊಡಬೇಕಿತ್ತು, ಕೇಳಿಸಿಕೊಂಡವನೂ ಕೊಡಬೇಕಿತ್ತು. ಸಾಲಗಾರ ತನಗೆ ಬಿದ್ದ ಬೈಗುಳಕ್ಕೆ ನಿಮಿಷದ ಲೆಕ್ಕದಲ್ಲಿ ತಾನೇ ಹಣ ತೆರುತ್ತಿದ್ದ ಈ ಪದ್ಧತಿ 2003ರ ಮೇ ತಿಂಗಳಲ್ಲಿ ನಿಂತಿತು. ಆಮೇಲೆ ನಿಮಿಷದ ಪಲ್ಸ್. ಅರವತ್ತು ಸೆಕೆಂಡು ಮಾತಾಡಿದವನಿಗೆ ಒಂದು ನಿಮಿಷ, ಕೊನೆಯಲ್ಲಿ ‘ಹ್ಞೂಂ’ ಎಂದವನಿಗೆ ಎರಡು ನಿಮಿಷ. ‘ಇಡ್ಲಾ?’ ‘ಇಡು.’ ‘ಸರಿ, ಇಡ್ತೀನಿ’ ಎಂದು ಮೂರು ಕಂತಿನಲ್ಲಿ ಫೋನಿಡುವ ನಮ್ಮ ಸಂಸ್ಕೃತಿ ಎಷ್ಟು ದುಬಾರಿಯೆಂದು ತಿಳಿದದ್ದು 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೊಂದು ಪೈಸೆಯ ಲೆಕ್ಕ ತಂದಾಗಲೇ.

ಹಬ್ಬದ ದಿನ ಎಸ್ಸೆಮ್ಮೆಸ್ ಪ್ಯಾಕ್ ಕೆಲಸ ಮಾಡದೆ ಪ್ರತಿ ಶುಭಾಶಯಕ್ಕೂ ಪೂರ್ತಿ ದರ ಬೀಳುತ್ತಿದ್ದ ‘ಬ್ಲ್ಯಾಕೌಟ್ ಡೇ’ಗಳು, ರೋಮಿಂಗ್ ಶುಲ್ಕ ಇವೆಲ್ಲ ಇದೇ ವಂಶದವು. ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟರೂ ಬಗೆಹರಿಯದ ಗಡಿ ತಂಟೆಯನ್ನು ಟವರುಗಳು ರೋಮಿಂಗ್ ಕಾಲದಲ್ಲಿ ತಮ್ಮದೇ ರೀತಿಯಲ್ಲಿ ತೀರ್ಮಾನಿಸಿಬಿಟ್ಟಿದ್ದವು. ನಿಪ್ಪಾಣಿ ಕಡೆಯವನೊಬ್ಬ ತನ್ನ ಮಂಚದಲ್ಲೇ ಮಗ್ಗುಲು ಬದಲಿಸಿದರೆ ಮಹಾರಾಷ್ಟ್ರಕ್ಕೆ ಸ್ವಾಗತವೆಂದು ಮೆಸೇಜು ಬರಬಹುದಿತ್ತು.

ಪ್ರೀಪೇಯ್ಡ್ ಪಂಥದವರು ‘ನಮಗೆ ಬಿಲ್ಲೇ ಇಲ್ಲ’ ಎಂದು ಬೀಗುವುದುಂಟು. ಅವರಿಗೆ ಪಂಚಾಂಗ ತೋರಿಸಿದರೆ ಸಾಕು. ಇಪ್ಪತ್ತೆಂಟು ದಿನಕ್ಕೊಂದು ರೀಚಾರ್ಜ್ ಎಂದರೆ ವರ್ಷಕ್ಕೆ ಹದಿಮೂರು ರೀಚಾರ್ಜು. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುವುದು ಎರಡೂವರೆ ಮೂರು ವರ್ಷಕ್ಕೊಮ್ಮೆ. ಇವರದರಲ್ಲಿ ವರ್ಷಕ್ಕೊಂದು ತಪ್ಪದು. ಅಧಿಕ ಮಾಸದಲ್ಲಿ ಅಳಿಯನನ್ನು ಕೂರಿಸಿ ಮೂವತ್ತಮೂರು ಕಜ್ಜಾಯ ದಾನ ಕೊಡುತ್ತೇವೆ. ಅಳಿಯನ ಮಣೆಯ ಮೇಲೆ ಈಗ ಕಂಪನಿ ಕೂತಿದೆ. ಮೂವತ್ತು ದಿನದ ಪ್ಲಾನು ಒಂದಾದರೂ ಇರಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲಿ ಆಜ್ಞೆ ಮಾಡಿತು. ಪ್ಲಾನು ಇದೆ. ಪಟ್ಟಿಯಲ್ಲಿ ಹುಡುಕಿಕೊಳ್ಳಬೇಕು.

ಮೇಷ್ಟ್ರ ಶಾಸನಕ್ಕೆ ಮರಳೋಣ. ಎರಡನೆಯ ಪುಟ, ಕೆಳಗಿನಿಂದ ಐದನೆಯ ಸಾಲು: ‘ಮೌಲ್ಯವರ್ಧಿತ ಸೇವೆ: ಲವ್ ಟಿಪ್ಸ್ — 99.00’. ಮೇಷ್ಟ್ರು ಇದನ್ನು ಗಟ್ಟಿಯಾಗಿ ಓದಿದ್ದು ಪ್ರಮಾದ. ‘ತಡವಾದ್ರೂ ಕಲಿಯೋದು ಒಳ್ಳೇದೇ’ ಎಂಬ ಒಂದು ಟಿಪ್ಪಣಿ ಅಡುಗೆಮನೆಯಿಂದ ಬಂದು ಶಾಸನಕ್ಕೆ ಸೇರಿಕೊಂಡಿತು.

ಇದು ಕೈತಪ್ಪಿನಿಂದ ಆದದ್ದೆಂಬುದು ಪೂರ್ವಪಕ್ಷ. ಕೋಟ್ಯಂತರ ಬಿಲ್ಲು ತಯಾರಾಗುವಲ್ಲಿ ಒಂದೆರಡು ತಪ್ಪದೇ ಇರುತ್ತವೆಯೇ ಎಂಬುದು ಈ ಪಂಥದ ಉದಾರ ನಿಲುವು. ಮೇಷ್ಟ್ರು ಮೂವತ್ತು ವರ್ಷ ಸಂಭವನೀಯತೆ ಪಾಠ ಮಾಡಿದವರು. ತಪ್ಪೆಂದ ಮೇಲೆ ಅದು ಎರಡೂ ಕಡೆ ಆಗಬೇಕು. ನಾಣ್ಯ ಎಷ್ಟು ಸಲ ಚಿಮ್ಮಿದರೂ ಹೆಡ್ಸೇ ಬೀಳುತ್ತಿದ್ದರೆ ಮೊದಲು ನಾಣ್ಯ ನೋಡಬೇಕು ಎನ್ನುತ್ತಾರೆ. ಕಂಪನಿಗೆ 99 ರೂಪಾಯಿ ನಷ್ಟವಾಗುವಂತೆ ತಪ್ಪಿದ ಬಿಲ್ಲು ಅವರ ಬೀರುವಿನ ಸಂಗ್ರಹದಲ್ಲಿ ಒಂದೂ ಸಿಕ್ಕಿಲ್ಲ.

ಹಾಗಾದರೆ ಸಿದ್ಧಾಂತವೇನು? ಅದು 99 ಎಂಬ ಮೊತ್ತದಲ್ಲೇ ಅಡಗಿದೆ. ಅಧಿಕ ಶುಲ್ಕವೆಂಬುದು ಜಗಳಕ್ಕೆ ಹೋದರೆ ನಾಚಿಕೆಯಾಗುವಷ್ಟು ಸಣ್ಣದಿರಬೇಕು. ಒಂಬೈನೂರಾದರೆ ಗ್ರಾಹಕ ಎದ್ದು ನಿಲ್ಲುತ್ತಾನೆ. ಒಂಬತ್ತಾದರೆ ಕಂಪನಿಗೆ ಕೆತ್ತಿದ ಕೂಲಿ ಗಿಟ್ಟುವುದಿಲ್ಲ. ತೊಂಬತ್ತೊಂಬತ್ತು ರೂಪಾಯಿಗೆ ಅರ್ಧ ದಿನ ಫೋನು ಹಿಡಿದು ಕೂರುವವನನ್ನು ಮನೆಯವರೇ ಜಿಪುಣನೆನ್ನುತ್ತಾರೆ. ಕಂಪನಿ ಕಾವಲಿಗೆ ಇಟ್ಟಿರುವುದು ಗ್ರಾಹಕನ ಮರ್ಯಾದೆಯನ್ನೇ.

ಮೌಲ್ಯವರ್ಧಿತ ಸೇವೆ ಶುರುಮಾಡಲು ಗ್ರಾಹಕನಿಂದ ಎರಡು ಸಲ ಒಪ್ಪಿಗೆ ಪಡೆಯಬೇಕೆಂದು ಟ್ರಾಯ್ 2013ರಲ್ಲೇ ವಿಧಿಸಿದೆ, ಬೇಡವಾದರೆ ನಿಲ್ಲಿಸಲು 155223 ಎಂಬ ನಂಬರನ್ನೂ ಕೊಟ್ಟಿದೆ. ನಮ್ಮ ಕಡೆ ಮದುವೆಗೇ ಹುಡುಗನನ್ನು ಎರಡು ಸಲ ಕೇಳುವ ವಾಡಿಕೆ ಇಲ್ಲ. ಆದ್ದರಿಂದ ಮೇಷ್ಟ್ರು ಎರಡು ಸಲ ಒಪ್ಪಿದ್ದು ಯಾವಾಗ ಎಂಬ ಪ್ರಶ್ನೆ ಹುಟ್ಟಿತು. ಅದರ ಮೇಲೆ ಕಂಪನಿಯ ಸಹಾಯವಾಣಿಯ ಹುಡುಗಿಯೊಡನೆ ನಡೆದ ವಾದವನ್ನು ಇಲ್ಲಿ ಯಥಾವತ್ತಾಗಿ ಕೊಡಲಾಗಿದೆ.

‘ಸರ್, ನೀವೇ ಆಕ್ಟಿವೇಟ್ ಮಾಡ್ಕೊಂಡಿದ್ದೀರಿ ಅಂತ ಸಿಸ್ಟಮ್‌ನಲ್ಲಿ ತೋರಿಸ್ತಿದೆ.’

‘ನಾನು ಮಾಡಿಲ್ಲಮ್ಮ.’

‘ಸಿಸ್ಟಮ್‌ನಲ್ಲಿ ತೋರಿಸ್ತಿದೆ ಸರ್.’

‘ಒಂದು ಟಿಪ್ಸೂ ನನಗೆ ಬಂದಿಲ್ಲ. ನಮ್ಮನೆಯವಳನ್ನ ಬೇಕಾದ್ರೆ ಕೇಳು.’

‘ನಿಮ್ಮ ಅನನುಕೂಲಕ್ಕೆ ವಿಷಾದಿಸ್ತೀವಿ ಸರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?’

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ ಎಂದು ಭಾಟ್ಟ ಮೀಮಾಂಸಕರಿಗೆ ಪ್ರಮಾಣಗಳು ಆರು. ಒಂದು ವಸ್ತು ಸಿಗದಿರುವುದರಿಂದಲೇ ಅದು ಇಲ್ಲವೆಂದು ತಿಳಿಯುವುದು ಅನುಪಲಬ್ಧಿ. ಟಿಪ್ಸ್ ಬಂದಿಲ್ಲ, ಆದ್ದರಿಂದ ಸೇವೆ ಇಲ್ಲ ಎಂದ ಮೇಷ್ಟ್ರು ಕುಮಾರಿಲ ಭಟ್ಟರ ದಾರಿಯಲ್ಲೇ ನಡೆದಿದ್ದರು. ಆದರೆ ಎದುರಾಳಿಯ ಕೈಯಲ್ಲಿ ಏಳನೆಯ ಪ್ರಮಾಣವಿತ್ತು. ಸಿಸ್ಟಮ್ ಅಪೌರುಷೇಯ. ಅದನ್ನು ಬರೆದವರಿಲ್ಲ, ತಿದ್ದುವವರಿಲ್ಲ, ಅದಕ್ಕೆ ಪುರುಷದೋಷ ತಟ್ಟದು. ವೇದಕ್ಕಾದರೂ ಭಾಷ್ಯಕಾರರಿದ್ದರು. ಇದಕ್ಕೆ ಇರುವುದು ಸಂಜೆ ಆರಕ್ಕೆ ಶಿಫ್ಟ್ ಮುಗಿಸಿ ಪಿ.ಜಿ.ಗೆ ಹೋಗುವ ಆ ಹುಡುಗಿ ಮಾತ್ರ. ಅವಳ ಫೋನಿನ ಬಿಲ್ಲಿನಲ್ಲೂ ಇಂಥದೇ ಒಂದು ಸಾಲು ಇದ್ದೀತು.

ಕರೆಯ ಕೊನೆಗೆ ದೂರಿಗೊಂದು ಡಾಕೆಟ್ ನಂಬರು ಸಿಕ್ಕಿತು. ಟ್ರಾಯ್‌ನ 2012ರ ನಿಯಮಗಳ ಪ್ರಕಾರ ಅಲ್ಲಿ ನ್ಯಾಯ ಸಿಗದಿದ್ದರೆ ಮೂವತ್ತು ದಿನದೊಳಗೆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಅದು ತೀರ್ಮಾನಿಸಲು ಗಡುವು 39 ದಿನ. ನಲವತ್ತಲ್ಲ, ಮಂಡಲವೆನ್ನಲು ನಲವತ್ತೆಂಟೂ ಅಲ್ಲ. ಮೂವತ್ತೊಂಬತ್ತಕ್ಕೆ ಹದಿಮೂರು ಮತ್ತು ಮೂರರ ಹೊರತು ಬೇರೆ ಅವಿಭಾಜ್ಯ ಭಾಜಕವಿಲ್ಲ ಎಂದು ಮೇಷ್ಟ್ರು ಗುರುತಿಸಿದ್ದಾರೆ. ಹದಿಮೂರು ಮೇಲೆ ಹೇಳಿದ ಅಧಿಕ ಮಾಸದ ಸಂಖ್ಯೆ. ಮೂರರ ಬಗ್ಗೆ ಸಂಶೋಧನೆ ನಡೆದಿದೆ.

ನ್ಯಾಯಾಲಯಗಳ ಕಡೆಗೆ ನೋಡಿದವರೂ ಉಂಟು. ಟೆಲಿಫೋನ್ ಬಿಲ್ಲಿನ ತಂಟೆ 1885ರ ತಂತಿ ಕಾಯ್ದೆಯ ಪ್ರಕಾರ ಪಂಚರ ಮಧ್ಯಸ್ಥಿಕೆಗೆ ಹೋಗಬೇಕು, ಗ್ರಾಹಕ ವೇದಿಕೆಗಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿತ್ತು. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆಯೇ ಕಣ್ಣುಮುಚ್ಚಿತು. ಅದೇ ವರ್ಷದ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಅವಧಿಗೆ ಅಹಮದಾಬಾದಿನ ಒಬ್ಬ ಗ್ರಾಹಕರಿಗೆ ಬಿಲ್ಲು ಬಂತು. ಅವರಿಗೆ ತಿಂಗಳಿಗೆ ಸರಾಸರಿ ಬರುತ್ತಿದ್ದದ್ದು 555 ರೂಪಾಯಿ. ಈ ಸಲ ಬಂದದ್ದು 24,609 ರೂಪಾಯಿ 51 ಪೈಸೆ. ಆ 51 ಪೈಸೆಯನ್ನು ನೋಡಿ ಕಣ್ಣು ತುಂಬಿಕೊಳ್ಳದ ಶಾಸನಶಾಸ್ತ್ರಜ್ಞನಿಲ್ಲ. ಇಪ್ಪತ್ತನಾಲ್ಕು ಸಾವಿರವನ್ನು ಅನುಮಾನಿಸಬಹುದು, ಐವತ್ತೊಂದು ಪೈಸೆಯನ್ನು ಅನುಮಾನಿಸುವುದು ಹೇಗೆ? ಅದು ಲೆಕ್ಕದ ನಿಷ್ಠೆಯ ಮುದ್ರೆ. 2014ರಲ್ಲಿ ಹೂಡಿದ ಆ ದೂರು 2022ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಗೆದ್ದದ್ದು ಹಣವಲ್ಲ. ಇಂಥ ದೂರನ್ನು ಗ್ರಾಹಕ ವೇದಿಕೆ ವಿಚಾರಿಸಬಹುದು ಎಂದಷ್ಟೇ ತೀರ್ಮಾನವಾಯಿತು. ಎಂದರೆ ಎಂಟು ವರ್ಷ ನಡೆದದ್ದು ಬಾಗಿಲು ಯಾವುದೆಂಬ ವಿಚಾರಣೆ. ಈಗ ಬಾಗಿಲು ಗೊತ್ತಾಗಿದೆ, ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಅಧಿಕ ಶುಲ್ಕದ ಲೋಕದಲ್ಲಿ ಶುಲ್ಕವೇ ಇಲ್ಲದ ಈ ಒಂದು ಜಾಗ ಕಂಡು ಗ್ರಾಹಕನಿಗೆ ಅನುಮಾನ ಬಂದರೆ ಅದು ಅವನ ತಪ್ಪಲ್ಲ.

ಮೇಷ್ಟ್ರು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಮೇಲ್ಮನವಿಯ ಗಡುವು ಮುಗಿಯುವ ಮುನ್ನ ಬಂದ ಬಿಲ್ಲಿನಲ್ಲಿ ‘ಸೌಹಾರ್ದ ಹೊಂದಾಣಿಕೆ: 99.00’ ಎಂದಿತ್ತು. ತಪ್ಪಾಯಿತೆಂದು ಎಲ್ಲೂ ಇರಲಿಲ್ಲ, ಕೃಪೆ ಮಾಡಿದಂತಿತ್ತು. ಮೇಷ್ಟ್ರು ಕ್ಯಾಲ್ಕುಲೇಟರ್ ಮುಟ್ಟದೆ, ತೊಂಬತ್ತೊಂಬತ್ತಕ್ಕೆ ನೂರಕ್ಕೆ ಹದಿನೆಂಟರಂತೆ ಜಿಎಸ್‌ಟಿ 17 ರೂಪಾಯಿ 82 ಪೈಸೆ ಎಂದು ಲೆಕ್ಕ ಕಟ್ಟಿದರು. ಅದು ಬಂದಿರಲಿಲ್ಲ. ಮತ್ತೆ ಫೋನು ಹಚ್ಚಿದರು.

‘ಟ್ಯಾಕ್ಸ್ ಗವರ್ನಮೆಂಟಿಗೆ ಹೋಗಿಬಿಟ್ಟಿರುತ್ತೆ ಸರ್.’

‘ಇಲ್ಲದ ಸೇವೆಗೆ ಟ್ಯಾಕ್ಸ್ ಹೆಂಗಮ್ಮ ಹೋಗುತ್ತೆ?’

‘ಇದನ್ನ ಹೊಸ ದೂರು ಅಂತ ತಗೊಳ್ಳಲಾ ಸರ್?’

‘ತಗೊಳ್ಳಮ್ಮ, ನಂಬರ್ ಹೇಳು’ ಎಂದು ಮೇಷ್ಟ್ರು ಪೆನ್ನಿನ ಕ್ಯಾಪು ತೆಗೆದರು.