ಫುಲ್ ಸ್ಟಡಿ

ಗೆಳೆಯರು ಅವನಿಗಿಟ್ಟ ಹೆಸರು ಸ್ಟಡಿ. ಮನೆ ಭದ್ರಾವತಿ, ವ್ಯವಹಾರ ಶಿವಮೊಗ್ಗ. ಸಂಜೆ ಗೋಪಿ ಸರ್ಕಲ್ ಸುತ್ತಮುತ್ತ ಕೆಲಸ ಮುಗಿಸಿ, ಎಲ್ಲೋ ಒಂದು ಕಡೆ ‘ಸ್ವಲ್ಪ ಕೂತು’, ಹತ್ತರ ಮೇಲೆ ಕಾರಿನ ಕೀ ತಿರುಗಿಸುತ್ತ ಎದ್ದನೆಂದರೆ, ಯಾರೂ ಕೇಳದಿದ್ದರೂ ಮೊದಲ ಮಾತು ಇದೇ: ‘ಫುಲ್ ಸ್ಟಡಿ ಇದೀನಿ ಮಾರಾಯ.’ ಕುಡಿಯದವರು ಹೀಗೆ ಹೇಳಿಕೊಂಡಿದ್ದನ್ನು ನಾನಂತೂ ಕೇಳಿಲ್ಲ.

ಬಿ.ಎಚ್. ರಸ್ತೆ ತನಗೆ ಕಣ್ಣು ಮುಚ್ಚಿದರೂ ಗೊತ್ತು ಎನ್ನುತ್ತಾನೆ. ಮುಚ್ಚಿಯೇ ಓಡಿಸುತ್ತಾನೆಂಬುದು ಪಕ್ಕದ ಸೀಟಿನವರ ಗುಮಾನಿ. ತುಂಗಾ ಸೇತುವೆ ದಾಟಿ ಎಂ.ಆರ್.ಎಸ್. ಸರ್ಕಲ್ ಬಿಟ್ಟ ಮೇಲೆ ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಅವನಿಗೆ ಊರುಗಳಲ್ಲ, ಹಾರನ್ ಹೊಡೆಯುವ ಜಾಗಗಳು. ದಾರಿ 20 ಕಿ.ಮೀ. ಹತ್ತಿರ. 60ರಲ್ಲಿ ಹೋದರೆ 20 ನಿಮಿಷ, 100ರಲ್ಲಿ ಹೋದರೆ 12. ಹೀಗೆ ಉಳಿಸಿದ 8 ನಿಮಿಷವನ್ನು, ಎಷ್ಟು ಬೇಗ ಬಂದೆ ಎಂದು ಕಡದಕಟ್ಟೆಯ ಬೀಡಾ ಅಂಗಡಿ ಮುಂದೆ ವರ್ಣಿಸುತ್ತ ಮುಕ್ಕಾಲು ಗಂಟೆ ನಿಂತು ಖರ್ಚು ಮಾಡುತ್ತಾನೆ.

ಅಳತೆಯಲ್ಲಿ ಪಂಡಿತ. 30 ಸಣ್ಣದು, 60 ದೊಡ್ಡದು, 180 ಕ್ವಾರ್ಟರ್, ಮಗ್ಗಿ ಬಾಯಿಪಾಠ. 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಬಾರದು ಎಂಬ ಮೋಟಾರು ವಾಹನ ಕಾಯ್ದೆ ಅವನ ಕಿವಿಗೆ ಬಿದ್ದದ್ದು ಮಾತ್ರ ‘30ರವರೆಗೆ ಸರ್ಕಾರವೇ ಬಿಟ್ಟಿದೆ’ ಎಂದು. ಅದರ ಮೇಲಿನದಕ್ಕೆ ನೀರು ಬೆರೆಸಿರುತ್ತಾನಲ್ಲ, ಲೆಕ್ಕಕ್ಕಿಲ್ಲ.

2017ರಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗಿನ ಮದ್ಯದಂಗಡಿಗಳನ್ನು ಮುಚ್ಚಿಸಿದಾಗ ಇವನಿಗೆ ರಸ್ತೆ ಸುರಕ್ಷತೆಯ ಚಿಂತೆ ಹತ್ತಿತು. ‘ಮೊದಲು ನಡ್ಕೊಂಡು ಹೋಗ್ತಿದ್ವಿ. ಈಗ ಅಷ್ಟು ದೂರ ಕಾರಲ್ಲೇ ಹೋಗಿ ಬರ್ಬೇಕು. ಆಕ್ಸಿಡೆಂಟ್ ಜಾಸ್ತಿ ಆಗಲ್ವಾ?’ ನಗರ ವ್ಯಾಪ್ತಿಗೆ ಆ ಆದೇಶ ಅನ್ವಯಿಸದು ಎಂದು ಕೋರ್ಟೇ ಹೇಳಿದ ಮೇಲೆ ನ್ಯಾಯಾಂಗದಲ್ಲಿ ಅವನ ನಂಬಿಕೆ ಮರಳಿತು.

ಇವನ ಪಾಲಿಗೆ ರಸ್ತೆಯಲ್ಲಿ ಅಪಾಯವೆಂದರೆ ಲಾರಿಯಲ್ಲ, ಎಮ್ಮೆಯಲ್ಲ, ಪೊಲೀಸು. ಎದುರು ಬಂದ ಬೈಕಿನವನನ್ನು ನಿಲ್ಲಿಸಿ ‘ಮುಂದೆ ಮಾಮ ಇದಾರಾ?’ ಎಂದು ವಿಚಾರಿಸುವಷ್ಟು ಜಾಗರೂಕ. ಬಾಯಿಗೆ ಏಲಕ್ಕಿ. ಯಂತ್ರ ಹಿಡಿದು ‘ಊದಿ’ ಎಂದರೆ ಕೆನ್ನೆ ಉಬ್ಬಿಸಿ, ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಾನೆ.

2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಾಗ, ಅತಿವೇಗದ ನೋಟಿಸುಗಳನ್ನೆಲ್ಲ ಆಷಾಢದ ಸೀರೆ ಸೇಲಿಗೆ ಹೋದವರಂತೆ ಒಟ್ಟಿಗೇ ಮುಗಿಸಿ ಬಂದಿದ್ದ. ಅಲ್ಲಿಂದೀಚೆಗೆ ಸಕಾಲಕ್ಕೆ ದಂಡ ಕಟ್ಟುವವರನ್ನು ಕಂಡರೆ ಅವನಿಗೆ ಕನಿಕರ.

ಮೊನ್ನೆ ಮಾತ್ರ ಏಲಕ್ಕಿ ಕೈಕೊಟ್ಟಿತು. ಇದು ನಿಂತಲ್ಲೇ ಕಟ್ಟಿ ಹೋಗುವ ಕೇಸಲ್ಲ, ಕೋರ್ಟಿಗೇ ಹೋಗಬೇಕು. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು ಎಂದು ವಕೀಲರು ಬಿಡಿಸಿ ಹೇಳಿದರು. ಸ್ಟಡಿ ಗಂಭೀರವಾಗಿ ಕೇಳಿಸಿಕೊಂಡ.

‘ಸರ್, ಮುಂದಿನ ಆಫರ್ ಬರೋ ತನಕ ವಾಯಿದೆ ತಗೊಂಡ್ರೆ, ಆ 6 ತಿಂಗಳಿಗೂ ಫಿಫ್ಟಿ ಪರ್ಸೆಂಟ್ ಇರುತ್ತಾ?’